ಹೊನ್ನೂರಪ್ಪನ ಒಂದು ಕೂಗು

ದೆವ್ವಗಿವ್ವ ನಾನು ನಂಬುವವಳಲ್ಲ. ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ನರ್ಸಾಗಿ ಹೆಣ ಒರೆಸಿದವಳು ಅಂಥದ್ದನ್ನೆಲ್ಲ ನಂಬಿಕೊಂಡು ಕೂತರೆ ಹೊಟ್ಟೆಪಾಡು ನಡೆಯುವುದಿಲ್ಲ. ಈ ಶೇಖರಮ್ಮನ, ಅಂದರೆ ನನ್ನ, ಬಾಯಿಗೆ ಹೆದರಿ ದೆವ್ವಗಳೇ ಕೊಪ್ಪಳ ಬಿಟ್ಟು ಹೋಗಿವೆ ಎಂದು ನಮ್ಮ ಡಾಕ್ಟರು ನಗೆಯಾಡುತ್ತಿದ್ದರು. ಅದಕ್ಕೇ ಬೇವೂರಿನ ಈ ಸಂಗತಿಯನ್ನು ಇಷ್ಟು ದಿನ ಯಾರ ಮುಂದೂ ಆಡಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಕ್ಯಾನ್ಸರ್ ಗಡ್ಡೆ ಕೊಯ್ಯುವುದು ದೊಡ್ಡ ಊರಿನ ಆಸ್ಪತ್ರೆಯ ಕೆಲಸ. ಕೊಯ್ದಾದ ಮೇಲೆ ಉಳಿದ ಮೈಯಲ್ಲಿ ಬದುಕುವುದನ್ನು ಕಲಿಸುವುದು ಕೊಪ್ಪಳದಲ್ಲಿದ್ದ ನಮ್ಮ ನಾಲ್ವರದು. ಡಾಕ್ಟರ್ ದೇವೇಂದ್ರಪ್ಪ ಗಾಯ ನೋಡುತ್ತಿದ್ದರು. ಜೈನಾಬೀ ಸೆಟೆದುಹೋದ ಕುತ್ತಿಗೆ, ಭುಜಗಳಿಗೆ ವ್ಯಾಯಾಮ ಮಾಡಿಸುತ್ತಿದ್ದಳು. ತಿರುಪತಿ ಮಾತು ಕಲಿಸುವ ಮಾಸ್ತರ, ಗಂಗಾವತಿ ಕಡೆಯ ಹುಡುಗ. ನಳಿಕೆ, ಬಟ್ಟೆ, ಊಟ, ಬೈಗುಳ ನನ್ನ ಪಾಲು. ರೋಗಿಯನ್ನು ನಡುವೆ ಕೂರಿಸಿಕೊಂಡು ನಾವು ನಾಲ್ವರೂ ವಾದ ಮಾಡುತ್ತಿದ್ದೆವು. ಜಗಳವಾಡದೆ ಒಬ್ಬನನ್ನೂ ಮನೆಗೆ ಕಳಿಸಿದ್ದಿಲ್ಲ.

ಬೇವೂರಿನ ಹೊನ್ನೂರಪ್ಪ ಯಲಬುರ್ಗಾ ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ಸಿಗೆ ಜನರನ್ನು ಕೂಗಿ ಹತ್ತಿಸುವ ಏಜೆಂಟನಾಗಿದ್ದವನು. ಅವನು "ಕುಷ್ಟಗಿ, ಕುಷ್ಟಗಿ" ಎಂದು ಕೂಗಿದರೆ ಅಲ್ಲಿಗೆ ಹೋಗುವ ಮನಸ್ಸೇ ಇಲ್ಲದವನೂ ಹತ್ತಿ ಕೂರುತ್ತಿದ್ದನಂತೆ. ಬೀಡಿ ಸೇದಿ ಸೇದಿ ಗಂಟಲಲ್ಲಿ ಗಡ್ಡೆಯಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯ ಬುಡದಲ್ಲಿ ಒಂದು ತೂತು, ಅದರಲ್ಲೊಂದು ನಳಿಕೆ, ಉಸಿರೆಲ್ಲ ಅಲ್ಲಿಂದಲೇ. ಅದರ ಮೇಲೆ ಕಟ್ಟಿದ ಬಿಳಿ ಬಟ್ಟೆ ಉಬ್ಬುತ್ತ ಇಳಿಯುತ್ತ ಇರುತ್ತಿತ್ತು.

ಅವನ ಹೆಂಡತಿ ಪಕೀರಮ್ಮ ಒಮ್ಮೆ ಆಸ್ಪತ್ರೆಯಲ್ಲಿ ಅವನು ಮಲಗಿದ್ದಾಗ ಮೂಗಿನ ಕೆಳಗೆ ಬೆರಳು ಹಿಡಿದು ನೋಡಿದಳು. ಸತ್ತವರಿಗೆ ಹಾಗೆ ನೋಡುತ್ತಾರಲ್ಲ, ಹಾಗೆ. ಗಾಳಿಯಿಲ್ಲ. ಅಷ್ಟರಲ್ಲಿ ಅವನು ಕಣ್ಣು ಬಿಟ್ಟ. ಅವಳು ಕಿರುಚಿ ಗೋಡೆಗೆ ಆತುಕೊಂಡಳು. ಅವತ್ತಿನಿಂದ ಹೊನ್ನೂರಪ್ಪ ಹೆಂಡತಿಯನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮನೆಗೆ ಹೋಗು, ಮಾತು ಬಂದ ಮೇಲೆ ನಾನೇ ಬರುತ್ತೇನೆ ಎಂದು ಕೈಸನ್ನೆ ಮಾಡಿ ಕಳಿಸಿಬಿಟ್ಟ.

ತಿರುಪತಿ ಕಲಿಸುತ್ತಿದ್ದ ಮಾತು ಎಂಥದ್ದೆಂದರೆ, ಬಾಯೊಳಗಿನ ಗಾಳಿಯನ್ನು ಅನ್ನನಾಳಕ್ಕೆ ಗುಟುಕಿಸಿ, ಅದು ತೇಗಿನ ಹಾಗೆ ಮೇಲೆ ಬರುವಾಗ ತುಟಿ ನಾಲಿಗೆಯಿಂದ ಅಕ್ಷರ ಮಾಡಬೇಕು. ಒಂದು ಗುಟುಕಿಗೆ ಒಂದು ಮಾತು. ಮೊದಲ ಮಾತು ಯಾವುದು ಬೇಕು ಎಂದು ಕೇಳಿದ್ದಕ್ಕೆ ಹೊನ್ನೂರಪ್ಪ ಎರಡೂ ಕೈಯಿಂದ ತಾಳಿ ಕಟ್ಟುವ ಸನ್ನೆ ಮಾಡಿ ನಾಚಿಕೊಂಡ. ತಿರುಪತಿಗೆ ಹಿಗ್ಗೋ ಹಿಗ್ಗು. ಪ, ಕ ಇರುವ ಹೆಸರು, ಗಾಳಿ ತಾನಾಗಿ ಒಳಗಿಳಿಯುತ್ತದೆ, ಇದಕ್ಕಿಂತ ಛಲೋ ಮಾತೇ ಇಲ್ಲ ಎಂದ. ವಾರಗಟ್ಟಲೆ ವರಾಂಡದ ತುಂಬ "ಪಾ", "ಕೀ" ಎಂಬ ತೇಗು. ಕೊನೆಗೊಂದು ದಿನ "ಪಕೀರಿ" ಎಂದು ಪೂರಾ ಬಂತು. ನೀರು ತುಂಬುವ ಖಾಲಿ ಹರವಿಯೊಳಗೆ ಬಾಯಿಟ್ಟು ಯಾರೋ ಕರೆದಂತಿತ್ತು. ಜೈನಾಬೀ ಅತ್ತೇಬಿಟ್ಟಳು. ನಾವೆಲ್ಲ ಇದೇ ಸೀಮೆಯಲ್ಲಿ ಹುಟ್ಟಿದವರು; ಆದರೂ ಒಂದು ವಿಷಯ ಒಬ್ಬರಿಗೂ ಹೊಳೆಯಲಿಲ್ಲ.

ಮನೆಗೆ ಬಿಡುವಾಗ ನಾವೂ ಜೊತೆಗೆ ಹೋಗುವುದು ನಮ್ಮ ಪದ್ಧತಿ. ಒಲೆಯ ಹೊಗೆ ಎತ್ತ ಹೋಗುತ್ತದೆ, ಬಚ್ಚಲಲ್ಲಿ ನೀರು ಕುತ್ತಿಗೆಗೆ ಸಿಡಿಯುತ್ತದೆಯೇ, ಎಲ್ಲ ನೋಡಬೇಕು. ಬೇವೂರಿನ ಹೊರಗೆ ಜೀಪು ಪಂಚರ್ ಆಯಿತು. ಡಾಕ್ಟರು, ಜೈನಾಬೀ, ತಿರುಪತಿ ಅಲ್ಲೇ ನಿಂತರು. ಹೊನ್ನೂರಪ್ಪ ತಡೆಯಲಾರದೆ ಹೊರಟೇಬಿಟ್ಟ. ನಳಿಕೆಯ ಚೀಲ ಹಿಡಿದು ನಾನು ಹಿಂದೆ. ಹೊರಡುವಾಗ ತಿರುಪತಿ ನನ್ನ ಕಿವಿಯಲ್ಲಿ ಹೇಳಿದ: "ಅಕ್ಕಾರ, ಅವನ ಮಾತಿನ ನಡುವ ನೀವು ಬಾಯಿ ಹಾಕಬ್ಯಾಡ್ರಿ. ಮೊದಲ್ನೇ ಸಲ ಮನ್ಯಾಗ ಅಂಜಿದ್ರು ಅಂದ್ರ ಆ ಮನಷ್ಯಾ ಮತ್ತ ಜಲ್ಮದಾಗ ಬಾಯಿ ತಗಿಯೂದಿಲ್ಲ." ಕನಕಗಿರಿಯ ಒಬ್ಬ ರೋಗಿಗೆ ಹಾಗೆಯೇ ಆದದ್ದನ್ನು ನಾವು ಕಂಡಿದ್ದೆವು.

ದೀಪ ಹಚ್ಚುವ ಹೊತ್ತು. ಹೊನ್ನೂರಪ್ಪನ ಮನೆಯ ಬಾಗಿಲು ಮುಚ್ಚಿತ್ತು, ಒಳಗೆ ರೊಟ್ಟಿ ಬಡಿಯುವ ಸಪ್ಪಳ. ನಾನು ಪಕ್ಕದ ಗೋಡೆಯ ಮರೆಗೆ ನಿಂತೆ. ಅವನು ಕುತ್ತಿಗೆಯ ಬಟ್ಟೆ ಸರಿಪಡಿಸಿಕೊಂಡು, ಗಾಳಿ ಗುಟುಕಿಸಿ ಕೂಗಿದ.

"ಪಕೀರಿ."

ರೊಟ್ಟಿಯ ಸಪ್ಪಳ ನಿಂತಿತು.

ಅದೊಂದೇ ಅಲ್ಲ. ಎದುರು ಮನೆಯ ಕೂಸಿನ ಅಳು ನಿಂತಿತು. ಓಣಿಯ ಕೊನೆಯಲ್ಲಿ ಯಾರೋ ಬಾಗಿಲು ಎಳೆದುಕೊಂಡು ಅಗಳಿ ಹಾಕಿದರು. ಹೊನ್ನೂರಪ್ಪನ ಮನೆಯ ಕಿಂಡಿಯಲ್ಲಿ ಕಾಣುತ್ತಿದ್ದ ದೀಪ ಸಣ್ಣದಾಯಿತು. ಆಗ ನನಗೆ ಜ್ಞಾಪಕವಾಯಿತು. ನನ್ನ ಅವ್ವನೂ ಹೇಳುತ್ತಿದ್ದಳು: ದೀಪದ ಹೊತ್ತಿನಲ್ಲಿ ಹೊರಗಿನಿಂದ ಯಾರು ಕರೆದರೂ ಒಂದೇ ಕೂಗಿಗೆ ಓಗೊಡಬಾರದು. ಸತ್ತವರಿಗೆ ಕೂಗಲು ಬರುವುದು ಒಂದೇ ಸಲ. ಜೀವವಿದ್ದವರು ಮೂರು ಸಲ ಕೂಗುತ್ತಾರೆ, ಆಮೇಲೆ ಓ ಅನ್ನಬೇಕು.

ಓಣಿಗೆ ಓಣಿಯೇ ಆ ಕೂಗಿಗೆ ಹೆದರಿ ಕೂತಿತ್ತು. ಆ ಮೌನದಲ್ಲಿ ಹೊನ್ನೂರಪ್ಪನ ಕುತ್ತಿಗೆಯ ನಳಿಕೆ ಸುಯ್ ಸುಯ್ ಎನ್ನುವುದೊಂದೇ ಕೇಳುತ್ತಿತ್ತು.

ಅವನು ಮತ್ತೆ ಗುಟುಕಿಸಿದ. ಗಾಳಿ ಇಳಿಯಲಿಲ್ಲ. ಅಂಜಿಕೆಗೆ ಗಂಟಲು ಬಿಗಿದರೆ ಹಾಗೇ ಆಗುತ್ತದೆ. ಬಾಯಿ ತೆರೆದ, ಮುಚ್ಚಿದ, ಬರೀ ಟಕ್ ಎಂಬ ಸದ್ದು. ನಾನು ಮುಂದೆ ಬಂದು ಕೂಗಬೇಕೆಂದಾಗ ನನ್ನ ಮುಂಗೈ ಹಿಡಿದು ತಲೆಯಾಡಿಸಿದ. ಅವನ ಕೈ ಬೆವರಿನಿಂದ ತಣ್ಣಗಿತ್ತು. ನನ್ನಂಥ ಬಾಯಿಬಡಕಿ ಸುಮ್ಮನೆ ನಿಲ್ಲುವುದೆಂದರೆ ಏನು ಕಷ್ಟ! ಹಲ್ಲು ಕಚ್ಚಿ ನಿಂತೆ.

ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು, ಕಣ್ಣು ಮುಚ್ಚಿ, ಅವನು ಎರಡನೆಯ ಸಲ ಕೂಗಿದ. ಇದು ಇನ್ನೂ ಆಳದಿಂದ ಬಂತು.

ಒಳಗೆ ಅವನ ತಾಯಿ ಮುದುಕವ್ವ ದೇವರ ಹೆಸರು ಗೊಣಗಿದಳು. ಹೊಸ್ತಿಲ ಸಂದಿಯಿಂದ ಒಂದು ಕಸಬರಿಗೆ ಮೆಲ್ಲಗೆ ಹೊರಗೆ ಬಂದು ನಮ್ಮ ಕಾಲ ಮುಂದೆ ಅಡ್ಡ ಬಿತ್ತು. ಗಾಳಿ ದೆವ್ವ ದಾಟಬಾರದೆಂದು ಇಡುತ್ತಾರಲ್ಲ, ಹಾಗೆ. ಬಾಗಿಲಿಗೆ ಆತುಕೊಂಡು ಒಳಗಿನಿಂದಲೇ ಪಕೀರಮ್ಮ ಮಾತಾಡಿದಳು.

"ಕಿಂಡ್ಯಾಗಿಂದ ಕಾಣಾಕತ್ತೈತಿ. ಮೈ ನನ್ನ ಗಂಡಂದು. ಕೂಗು ಅವಂದಲ್ಲ. ನನ್ನ ಗಂಡ ಒಂದಿನಾನೂ ನನ್ನ ಹೆಸರು ಹಿಡಿದು ಕರದಾಂವಲ್ಲ. ಯಾರ ನೀನು?"

ಅಯ್ಯೋ ನಮ್ಮ ಬುದ್ಧಿಗಿಷ್ಟು! ನಮ್ಮ ಸೀಮೆಯಲ್ಲಿ ಯಾವ ಗಂಡಸು ಹೆಂಡತಿಯನ್ನು ಹೆಸರು ಹಿಡಿದು ಕರೆಯುತ್ತಾನೆ? ಆಸ್ಪತ್ರೆಯ ಚೀಟಿಗಳಲ್ಲಿ ಎಲ್ಲರ ಹೆಸರು ಬರೆದೂ ಬರೆದೂ ನಮಗೆ ಅದು ಮರೆತೇಹೋಗಿತ್ತು. ನಾಲ್ಕು ಜನ ಸೇರಿ, ವಾರಗಟ್ಟಲೆ ಬೆವರು ಸುರಿಸಿ, ಗಂಡ ಎಂದೂ ಆಡದ ಒಂದೇ ಮಾತನ್ನು ಅವನಿಗೆ ಕಲಿಸಿ ಬಾಗಿಲಿಗೆ ತಂದು ನಿಲ್ಲಿಸಿದ್ದೆವು.

ಹೊನ್ನೂರಪ್ಪ ಕಸಬರಿಗೆಯನ್ನು ನೋಡುತ್ತ ನಿಂತ. ತಿರುಗಿ ಹೋಗುತ್ತಾನೆ ಎಂದುಕೊಂಡೆ. ಹೋದರೆ ಅವನ ಮಾತು ಅಲ್ಲಿಗೆ ಮುಗಿದ ಹಾಗೇ. ಆದರೆ ಅವನು ಬಾಗಿಲಿಗೆ ಹಣೆ ಆನಿಸಿ, ಗುಟುಕಿಸಿ, ತಿರುಪತಿ ಕಲಿಸದೇ ಇದ್ದ ಒಂದು ಮಾತನ್ನು ಹರಕುಮುರುಕಾಗಿ ತೇಗಿದ.

"ಕೇ... ಳಿಲ್ಲೆ."

ಮದುವೆಯಾದಂದಿನಿಂದ ಅವನು ಹೆಂಡತಿಯನ್ನು ಕರೆಯುತ್ತಿದ್ದುದು ಅಷ್ಟೇ, ಇಲ್ಲಿ ಕೇಳು ಎಂದು. ಕೇಳಿಲ್ಲೆ.

ಅಗಳಿ ಸರಿದು ಬಾಗಿಲು ತೆರೆಯಿತು. ಪಕೀರಮ್ಮ ಹಿಟ್ಟಿನ ಕೈಯಲ್ಲೇ ಅವನ ಎದೆಗೆ ಗುದ್ದಿದಳು. ಸತ್ತೇಹೋದೆ ಅಂತ ಊರೆಲ್ಲ ಅಂದರು, ಒಂದು ಸುದ್ದಿ ಕಳಿಸಲಿಲ್ಲ ಮೂಳ ಎಂದು ಬೈಯುತ್ತ ಅತ್ತಳು. ಆಮೇಲೆ ಕುತ್ತಿಗೆಯ ಬಟ್ಟೆಯ ಮುಂದೆ ಬೆರಳು ಹಿಡಿದಳು. ಬೆಚ್ಚಗಿನ ಗಾಳಿ ತಾಗಿತು. ಕೈ ತೆಗೆಯದೆ ಹಾಗೇ ನಿಂತುಕೊಂಡಳು.

ಹೊನ್ನೂರಪ್ಪ ಮೂರು ಮಳೆಗಾಲ ಬದುಕಿದ. ಬೇವೂರಿನಲ್ಲಿ ಹೆಂಡತಿಯನ್ನು ಹೆಸರು ಹಿಡಿದು ಕರೆಯುತ್ತಿದ್ದ ಗಂಡಸು ಅವನೊಬ್ಬನೇ. ಪಕೀರಮ್ಮನೇ ಹಾಗೆ ಕರೆಯಲು ಹೇಳಿದ್ದಳು. ಅಷ್ಟು ಕಷ್ಟಪಟ್ಟು ಕಲಿತದ್ದು ಹಾಳಾಗಬಾರದಲ್ಲ. ಕೊನೆಗೆ ರೋಗ ಪುಪ್ಪುಸಕ್ಕೆ ಇಳಿದು ಹೋಗಿಬಿಟ್ಟ.

ರೋಗಿ ತೀರಿಕೊಂಡ ಮನೆಗೆ ನಮ್ಮಲ್ಲೊಬ್ಬರು ಹೋಗಿ ಕೂತು ಬರುವುದೂ ನಮ್ಮ ಪದ್ಧತಿಯೇ. ನಾನು ಹೋದೆ. ಪಕೀರಮ್ಮ ಚಾಪೆ ಹಾಸಿ ಚಹಾ ಕೊಟ್ಟಳು, ತೊಳೆದಿಟ್ಟ ನಳಿಕೆಯನ್ನು ನನಗೆ ಒಪ್ಪಿಸಿದಳು. ಮುದುಕವ್ವ ಒಳಗೆ ಒಲೆ ಮುಂದಿದ್ದಳು. ಮಾತಾಡುತ್ತ ದೀಪ ಹಚ್ಚುವ ಹೊತ್ತಾಯಿತು. ಪಕೀರಮ್ಮ ಎದ್ದು ಬಾಗಿಲು ಮುಂದಕ್ಕೆಳೆದು ದೀಪ ಹಚ್ಚಿದಳು.

ಮೊದಲು ಗುಟುಕಿಸುವ ಸದ್ದು, ಟಕ್ ಎಂದು. ಬಾಗಿಲಿನ ಆಚೆಯೇ. ಆಮೇಲೆ ಖಾಲಿ ಹರವಿಯೊಳಗಿಂದ ಬಂದಂತೆ, "ಪಕೀರಿ."

ಒಂದೇ ಸಲ.

ಆ ಕೂಗನ್ನು ಅಕ್ಷರ ಅಕ್ಷರವಾಗಿ ಕಟ್ಟಿದ್ದನ್ನು ನೋಡಿದವಳು ನಾನು. ಅದನ್ನು ಅಣಕಿಸಲು ಯಾರಿಂದಲೂ ಆಗದು. ಒಳಗೆ ಮುದುಕವ್ವ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನಾನು ಪಕೀರಮ್ಮನ ಸೆರಗು ಹಿಡಿದೆ. ಓ ಅನ್ನಬೇಡ ಎಂದು ತಲೆಯಾಡಿಸಿದೆ.

"ಓ... ಬಂದೆ" ಎಂದಳು ಅವಳು. ಸೆರಗು ಬಿಡಿಸಿಕೊಂಡು ಹೋಗಿ ಬಾಗಿಲು ತೆರೆದಳು. ಹೊರಗೆ ಓಣಿ, ಬೂದು ಬೆಳಕು, ಯಾರೂ ಇಲ್ಲ.

"ಒಂದು ಕೂಗಿಗೆ ಅವಗ ಎಷ್ಟು ತ್ರಾಸು ಆಗತೈತಿ ಅಂತ ನನಗ ಗೊತ್ತೈತ್ರಿ, ಅಕ್ಕಾರ" ಎಂದಳು. "ಅವತ್ತ ಮೂರು ಸಲ ಕೂಗಿಸೀನಿ. ಇನ್ನ ಕೂಗಿಸೂದಿಲ್ಲ."

ಅವಳು ಬಾಗಿಲನ್ನು ಪೂರಾ ತೆರೆದು ಒಂದು ಪಕ್ಕಕ್ಕೆ ಸರಿದು ನಿಂತಳು. ನಾನು ಚಾಪೆಯ ಮೇಲಿದ್ದ ನನ್ನ ಚೀಲ ಎತ್ತಿ ಜಾಗ ಬಿಟ್ಟೆ.