ಕೊರಳಿಗೆ ಹಳೆಯ ಬ್ಯಾಡ್ಜು

ನಿರಂಜನ ಶವಪೆಟ್ಟಿಗೆಯೊಳಗೆ ಬಗ್ಗಿ, ಸತ್ತ ತಮ್ಮನ ತಲೆಯನ್ನು ಒಂದು ಕೈಯಲ್ಲಿ ಎತ್ತಿ, ಹಳೆಯ ಕಂಪನಿಯ ಬ್ಯಾಡ್ಜನ್ನು ಕೊರಳಿಗೆ ಹಾಕುತ್ತಿದ್ದಾಗ ತಮ್ಮನ ಹೆಂಡತಿ ಮಂಜರಿ ಅವನ ಮಣಿಕಟ್ಟು ಹಿಡಿದಳು.

“ತೆಗೀರಿ ಭಾವ. ಆ ಕಂಪನಿ ಇವರನ್ನ ಲೇಆಫ್ ಮಾಡಿ ವರ್ಷ ಆಯ್ತು.”

“ಮೆಲ್ಲಗೆ ಮಾತಾಡು. ಇಂಜಿನಿಯರ್ ಆಗೇ ಹೋಗ್ಲಿ ಅವನು.”

ಅಮೆರಿಕದ ರಾಚೆಸ್ಟರ್ ಹಿಲ್ಸ್‌ನ ಫ್ಯೂನರಲ್ ಹೋಮಿನಲ್ಲಿ ಕನ್ನಡದವರೆಲ್ಲ ಸೇರಿದ್ದರು. ತಮ್ಮ ದೇವೇಂದ್ರ ಆಫೀಸಿಗೆ ಹೋಗುವಾಗ ಕಾರು ಆಕ್ಸಿಡೆಂಟ್ ಆಯಿತೆಂದು ನಿರಂಜನ ಬಾಗಿಲಲ್ಲೇ ನಿಂತು ಒಬ್ಬೊಬ್ಬರಿಗೂ ಹೇಳಿ ಒಳಗೆ ಬಿಟ್ಟಿದ್ದ. ಹಸಿಹಸಿ ಸುಳ್ಳು. ಹತ್ತಿರದ ವಾರೆನ್ ಊರಿನ ಗೋದಾಮೊಂದರಲ್ಲಿ ಟ್ರಕ್ಕಿಗೆ ಸರಕು ತುಂಬುವಾಗ ಬ್ರೇಕ್ ಡ್ರಮ್ಮುಗಳ ರಾಶಿ ಮೈಮೇಲೆ ಉರುಳಿ ಎದೆಗೂಡು ಪುಡಿಯಾಗಿತ್ತು. ಗಂಡ ಅಲ್ಲಿ ಮೂಟೆ ಹೊರುತ್ತಿದ್ದನೆಂದು ಮಂಜರಿಗೆ ಗೊತ್ತಾದದ್ದೇ ಆಸ್ಪತ್ರೆಯವರ ಫೋನಿನಿಂದ.

*

ಹೋದ ಯುಗಾದಿಯ ದಿನ ದೇವೇಂದ್ರನ ಮನೆ ತುಂಬ ಜನ, ಊಟ ನಡೆದಿತ್ತು. ಫ್ರಿಜ್ಜಿನ ಮೇಲಿದ್ದ ನಿರುದ್ಯೋಗ ಭತ್ಯೆಯ ಕಾಗದ ನಿರಂಜನನ ಕಣ್ಣಿಗೆ ಬಿತ್ತು. ಎಲ್ಲರಿಗೂ ಕೇಳುವಂತೆ ಓದಿದ.

“ನಮ್ಮ ಮನೆತನದಲ್ಲಿ ಯಾರೂ ಭಿಕ್ಷೆ ಎತ್ತಿಲ್ಲ ಕಣೋ.”

ಇದು ಭಿಕ್ಷೆಯಲ್ಲ, ಇಷ್ಟು ವರ್ಷ ದುಡಿದದ್ದಕ್ಕೆ ಸಿಗುವ ವಿಮೆ ಎಂದು ದೇವೇಂದ್ರ ಹೇಳುವಷ್ಟರಲ್ಲಿ ಅಣ್ಣ ಕೆನ್ನೆಗೆ ಬಾರಿಸಿದ. ಕನ್ನಡಕ ಹಾರಿ ಸಾರಿನ ಪಾತ್ರೆಗೆ ಬಿತ್ತು. ಕಾಗದ ನಾಲ್ಕು ಚೂರಾಯಿತು. ನೆಂಟರು ಹೋಳಿಗೆ ಮುರಿಯುತ್ತ ತಲೆ ತಗ್ಗಿಸಿದರು. ಮಂಜರಿ ಕನ್ನಡಕವನ್ನು ತೊಳೆದು ಗಂಡನ ಕೈಗಿಟ್ಟು, “ನಮಗೆ ಬೇಡ ಬಿಡಿ ಅದು,” ಅಂದಳು.

ಆ ವಾರವೇ ದೇವೇಂದ್ರ ಕನ್ಸಲ್ಟಿಂಗ್ ಕೆಲಸ ಸಿಕ್ಕಿತೆಂದ. ದಿನಾ ಇಸ್ತ್ರಿ ಅಂಗಿ ತೊಟ್ಟು ಡಬ್ಬಿ ಹಿಡಿದು ಹೊರಟ. ಅವಳು ನಂಬಿದಳು. ನಂಬುವುದು ಅವಳಿಗೂ ಬೇಕಾಗಿತ್ತು.

*

ಆಸ್ಪತ್ರೆಯವರು ಕೊಟ್ಟ ಗಂಡನ ಜಾಕೆಟ್ಟಿನ ಜೇಬಿನಲ್ಲಿ ಆ ಕಾಗದವಿತ್ತು. ನಾಲ್ಕೂ ಚೂರನ್ನು ಟೇಪು ಹಚ್ಚಿ ಜೋಡಿಸಿಟ್ಟುಕೊಂಡಿದ್ದ. ಮಡಿಕೆಯಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಈಗ ಪೆಟ್ಟಿಗೆಯ ಬಳಿ ಮಂಜರಿ ಅದನ್ನು ಬ್ಯಾಗಿನಿಂದ ತೆಗೆದು ಗಂಡನ ಎದೆಯ ಮೇಲಿಟ್ಟಳು. ಬ್ಯಾಡ್ಜನ್ನು ಹಿಡಿದು ಜಗ್ಗಿದಳು. ಪಟ್ಟಿ ಹರಿಯಿತು, ಹೆಣದ ತಲೆ ಒಂದು ಪಕ್ಕಕ್ಕೆ ವಾಲಿತು.

“ಗೋದಾಮಲ್ಲಿ ಸತ್ತರು ಇವರು,” ಎಂದು ಜನರತ್ತ ತಿರುಗಿ ಹೇಳಿದಳು. “ನಾವು ಕಳಿಸಿದ್ದು.”

ನಿರಂಜನ ಕಾಗದಕ್ಕೆ ಕೈ ಹಾಕಿದ. ಸತ್ತವನ ಬಾಯಿಗೆ ಹಾಕಲೆಂದು ಇಟ್ಟಿದ್ದ ಅಕ್ಕಿಯ ಹಿತ್ತಾಳೆ ತಟ್ಟೆ ಅವಳ ಕೈಗೆ ಸಿಕ್ಕಿತು. ಬೀಸಿ ಅವನ ಮುಖಕ್ಕೆ ಹೊಡೆದಳು.

“ಅವತ್ತೇ ಹೊಡೀಬೇಕಿತ್ತು, ಭಾವ.”

ತಟ್ಟೆ ಕಾರ್ಪೆಟ್ಟಿನ ಮೇಲೆ ಉರುಳಿತು. ಯಾರೂ ಏಳಲಿಲ್ಲ. ನಿರಂಜನ ಗೋಡೆಗೆ ಒರಗಿ ನಿಂತಿದ್ದ. ಒಡೆದ ತುಟಿಯಿಂದ ರಕ್ತ ಇಳಿಯುತ್ತಿತ್ತು, ತಮ್ಮನ ಬಾಯಿಗೆ ಬೀಳಬೇಕಿದ್ದ ಅಕ್ಕಿ ಅದಕ್ಕೆ ಅಂಟಿಕೊಂಡಿತ್ತು.