ಹಂಪಮ್ಮ ನನ್ನನ್ನು ಓದಿದ್ದು

ನಾನು ಒಂದು ಸ್ಕ್ರಿಪ್ಟು. ಕಂಪ್ಯೂಟರಿಗೆ ಬರೆದ ನಾಲ್ಕಾರು ಪುಟದ ಅಪ್ಪಣೆ, ಅಷ್ಟೆ. ಹೊಸಪೇಟೆಯಲ್ಲಿ ಮೊಬೈಲ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡುವ ಕೊಟ್ರೇಶ ನನ್ನನ್ನು ಬರೆದ, ರಕ್ತದಾನಿಗಳ ಸಂಘದ ವೆಬ್‌ಸೈಟಿಗೆ. ರಕ್ತದ ಗುಂಪನ್ನು ಒತ್ತಿದರೆ ಆ ಗುಂಪಿನ ದಾನಿಗಳ ಹೆಸರು, ಫೋನ್ ನಂಬರು ತೋರಿಸುವುದು ನನ್ನ ಕೆಲಸ. ಅವಸರದ ಹುಟ್ಟು ನನ್ನದು. ನನ್ನೊಳಗೆ ಮಾಹಿತಿ ಇಟ್ಟುಕೊಳ್ಳುವ ಒಂದೊಂದು ಗೂಡಿಗೂ ಹೆಸರಿಡಬೇಕಲ್ಲ, ಆ ಮಹಾರಾಯ ಎ, ಎಕ್ಸ್, ಟಿ2 ಎಂದು ಕೈಗೆ ಬಂದದ್ದನ್ನು ಇಟ್ಟ. ನನಗೆ ಬೇಸರವಾಗಲಿಲ್ಲ, ಸಂತೋಷವೂ ಆಗಲಿಲ್ಲ. ವರ್ಷಗಟ್ಟಲೆ ಹೆಸರು ತೋರಿಸುತ್ತ ಬಿದ್ದಿದ್ದೆ.

ಆಮೇಲೆ ಕೆಲಸ ಕೇಳಿಕೊಂಡು ಹಂಪಮ್ಮ ಬಂದಳು. ಕೋರ್ಟಿನ ಎದುರು ಅರ್ಜಿ ಟೈಪ್ ಮಾಡುತ್ತಿದ್ದವಳು; ಆ ಕೆಲಸ ನಿಂತುಹೋದ ಮೇಲೆ ನಡುವಯಸ್ಸಿನಲ್ಲಿ ವೆಬ್‌ಸೈಟ್ ಮಾಡುವುದನ್ನು ಕಲಿತಿದ್ದಳು. ಕೊಟ್ರೇಶ ನನ್ನನ್ನು ತೆರೆದು ಅವಳ ಮುಂದಿಟ್ಟ. ಈಚೆಗೆ ರಕ್ತ ಕೊಟ್ಟವರು ಕೂಡಲೇ ಮತ್ತೆ ಕೊಡುವಂತಿಲ್ಲ; ಅವರ ಹೆಸರು ಕಾಣಿಸಬಾರದು, ಹಾಗೆ ನನ್ನನ್ನು ತಿದ್ದಬೇಕು. ತಿದ್ದಿದರೆ ಕೆಲಸ, ಇಲ್ಲದಿದ್ದರೆ ಮನೆ.

“ಇದೇನ್ ದೊಡ್ಡದಲ್ಲ ಹಂಪಕ್ಕ. ಇಂಗ್ಲಿಷ್ ಬಂದ್ರ ಸಾಕು, ಕತಿ ಓದಿದಂಗ ಓದಬಹುದು,” ಅಂದ.

ಕತೆಯಂತೆ! ಅವಳು ಓದಿದಳು. ‘ಇಫ್’ ತಿಳಿಯಿತು, ‘ಎಲ್ಸ್’ ತಿಳಿಯಿತು. ಉಳಿದದ್ದೆಲ್ಲ ಕಬ್ಬಿಣದ ಕಡಲೆ. ತಂದ ಬುತ್ತಿ ಬಿಚ್ಚದೆ ಓದಿದಳು. ತನ್ನ ತಲೆಯಲ್ಲೇ ಏನೂ ಇಲ್ಲವೆಂದು ಅವಳಿಗೆ ಖಾತ್ರಿಯಾಯಿತು.

ಕೊನೆಗೆ ಧೈರ್ಯ ಮಾಡಿ ಕೀಲಿಗಳ ಮೇಲೆ ಕೈಯಿಟ್ಟಳು. ಅರ್ಜಿ ಟೈಪ್ ಮಾಡಿ ಪಳಗಿದ ಕೈ, ಮೇಲೊಂದು ‘ಶ್ರೀ’ ಹಾಕದೆ ಶುರು ಮಾಡಿದ್ದೇ ಇಲ್ಲ. ನನ್ನ ನೆತ್ತಿಯ ಮೇಲೂ ‘ಶ್ರೀ’ ಎಂದು ಟೈಪ್ ಮಾಡಿ ಸೇವ್ ಮಾಡಿದಳು. ಅಲ್ಲಿಗೆ ನಾನು ನಿಂತೆ. ಒಂದು ಹೆಸರೂ ತೋರಿಸಲಿಲ್ಲ. ಪರದೆಯ ಮೇಲೆ ಕೆಂಪಕ್ಷರದ ದೂರು ಬಂತು: ಶ್ರೀ ಅಂದರೆ ಏನೆಂದು ಎಲ್ಲೂ ತಿಳಿಸಿಲ್ಲ.

“ಅಯ್ಯ ಅಕ್ಕ! ಇದೇನ್ ಲಗ್ನಪತ್ರಿಕೇನ?” ಕೊಟ್ರೇಶ ಬಿದ್ದು ಬಿದ್ದು ನಕ್ಕ.

ಹಂಪಮ್ಮ ನಗಲಿಲ್ಲ. “ತಿಳಿಸಲಿಲ್ಲಂದ್ರ ಇದಕ್ಕೂ ತಿಳಿಯಂಗಿಲ್ಲ, ಹೌದಲ್ಲ? ಮತ್ತ ಟಿ2 ಅಂದ್ರ ಏನಂತ ನನಗ್ಯಾರು ತಿಳಿಸ್ಯಾರ, ಸರ? ನೀವಾದ್ರೂ ಹೇಳ್ರಿ,” ಅಂದಳು.

ಕೊಟ್ರೇಶ ಬಗ್ಗಿ ನೋಡಿದ. ಮೇಲಿನ ಸಾಲಿಗೆ ಹೋದ, ಕೆಳಗೆ ಬಂದ, ತಲೆ ಕೆರೆದುಕೊಂಡ. ದಾನಿ ಕೊನೆಯ ಸಲ ರಕ್ತ ಕೊಟ್ಟ ದಿನವೇ ಟಿ2. ನನಗೆ ಗೊತ್ತಿತ್ತು, ಹೇಳಲು ಬಾಯಿರಲಿಲ್ಲ.

“ನೆನಪಾಗವಲ್ದು ಅಕ್ಕ,” ಅಂದ ಮೆಲ್ಲಗೆ. “ನಾನ ಬರದದ್ದು, ನನಗ ತಿಳಿವಲ್ದು.”

ಹಂಪಮ್ಮ ಅವನಿಗೂ ಒಂದು ಕುರ್ಚಿ ಎಳೆದಳು. ಇಬ್ಬರೂ ಕೂತು ಸಾಲು ಸಾಲಾಗಿ ಓದಿದರು. ಒಂದೊಂದು ತಿಳಿದಾಗಲೂ ಅವಳು ಅದಕ್ಕೆ ಯಾರು ಓದಿದರೂ ಅರ್ಥವಾಗುವ ಹೆಸರಿಟ್ಟು ಬೇರೆ ಫೈಲಿನಲ್ಲಿ ಹೊಸದಾಗಿ ಬರೆದಳು. ಹೊಸದು ಸರಿಯಾಗಿ ನಡೆಯಿತು, ಈಚೆಗೆ ರಕ್ತ ಕೊಟ್ಟವರ ಹೆಸರು ಕಾಣಿಸಲಿಲ್ಲ. “ನಾಳಿಂದ ಕೆಲಸಕ್ಕ ಬರ್ರಿ,” ಅಂದ ಕೊಟ್ರೇಶ.

ಈಗ ನಾನು ಅಳಿಸಬೇಕಾದ ಫೈಲುಗಳ ಜೊತೆ ಬಿದ್ದಿದ್ದೇನೆ. ದುಃಖ ಅನ್ನುವುದು ನನಗೆ ಬರುವುದಿಲ್ಲ. ಯಾರಿಗೂ ಅರ್ಥವಾಗದೆ ಇದ್ದದ್ದಕ್ಕೇ ಇಷ್ಟು ವರ್ಷ ನನ್ನನ್ನು ಮುಟ್ಟದೆ ಬಿಟ್ಟಿದ್ದರು ಅನ್ನಿಸುತ್ತದೆ. ಪೂರ್ತಿ ಓದಿದವಳು ಹಂಪಮ್ಮ, ತೆಗೆದುಹಾಕಿದವಳೂ ಅವಳೇ. “ಇರ್ಲಿ ಬಿಡ್ರಿ ಅಕ್ಕ, ಮುಂದ ಬೇಕಾದೀತು,” ಎಂದು ಕೊಟ್ರೇಶ ತಡೆದಿದ್ದ.

“ಬ್ಯಾಡ್ರಿ ಸರ,” ಅಂದಿದ್ದಳು. “ಇನ್ನೊಬ್ರು ಯಾರಾರ ಹೊಸಬರು ಬಂದು ಇದನ್ನ ಓದಿ, ತಮಗ ತಲಿ ಇಲ್ಲ ಅನ್ಕೊಂಡಾರು.”