ಎದೆಬಡಿತವಿಲ್ಲದೆ ಹತ್ತು ಸಾವಿರ ಹೆಜ್ಜೆ

ಗಡಿಯಾರ ರಿಪೇರಿಯವನ ಸೊಸೆ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಯಂತ್ರದ ಬಾಯಿಗೆ ಕೊಡುವವಳು. ಮಾವನ ಕೈಗೆ ಕಟ್ಟಿದ ಸ್ಮಾರ್ಟ್ ವಾಚು ಕಳಿಸುವ ಸುದ್ದಿಯನ್ನು ಗಂಟೆಗೊಮ್ಮೆ ಫೋನಿನಲ್ಲಿ ನೋಡದಿದ್ದರೆ ಅವಳ ಗಂಟಲಲ್ಲಿ ನೀರಿಳಿಯದು. ಆವತ್ತು ಊಟಕ್ಕೆ ಮುಂಚೆ ನೋಡಿದಳು. ಹೆಜ್ಜೆ: ಒಂಬತ್ತು ಸಾವಿರದ ನಾನೂರು. ಎದೆಬಡಿತ: ಇಲ್ಲ.

ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಹೆಜ್ಜೆಗಳು ಇರುವೆ ಸಾಲಿನಂತೆ ಏರುತ್ತಲೇ ಇದ್ದವು. ಎದೆ ಮಾತ್ರ ಇಲ್ಲವೆಂದರೆ ಇಲ್ಲ.

ಪಕ್ಕದಲ್ಲಿ ದಿಂಬಿನ ಚೀಲ ಮಡಿಸುತ್ತಿದ್ದವಳು ಇಣುಕಿದಳು. ಒಮ್ಮೆ ಬಾಯಿ ತೆರೆದರೆ ಕರೆಂಟು ಹೋದರೂ ನಿಲ್ಲಿಸದವಳಾದ್ದರಿಂದ ಎಲ್ಲರೂ ಅವಳನ್ನು ರೇಡಿಯೋ ಅಂತಲೇ ಕರೆಯುವುದು.

"ಎದೇನೇ ಇಲ್ಲ, ಆದ್ರೂ ಊರು ಸುತ್ತಾ ಇದಾರೆ! ನಿಮ್ಮ ಮಾವ ಎಲೆಕ್ಷನ್‌ಗೇನಾದ್ರೂ ನಿಂತ್ರೇನೇ?"

"ಸುಮ್ನಿರೇ, ನಂಗೆ ಕೈಕಾಲೇ ಆಡ್ತಿಲ್ಲ."

ಆಡುವುದಾದರೂ ಹೇಗೆ? ಅವಳ ಸ್ವಂತ ಅಪ್ಪ ಗೋದಾಮಿನ ಕಾವಲುಗಾರ. ಕುರ್ಚಿಯಲ್ಲಿ ಕೂತಲ್ಲೇ ಜೀವ ಹೋಗಿ, ಸಂಜೆಯವರೆಗೂ ಯಾರಿಗೂ ಗೊತ್ತಾಗಿರಲಿಲ್ಲ. ಬಂದುಹೋದವರೆಲ್ಲ ನಮಸ್ಕಾರ ಹೊಡೆದೇ ಹೋಗಿದ್ದರು. ಅದಕ್ಕೇ ಮಾವನಿಗೆ ಎಪ್ಪತ್ತು ತುಂಬಿದ ದಿನ ಹಟ ಹಿಡಿದು ಆ ವಾಚನ್ನು ಕಟ್ಟಿದ್ದಳು.

ಮಾವ ನಕ್ಕುಬಿಟ್ಟಿದ್ದ. ಮೇಜಿನ ಕೆಳಗಿನ ಪೆಟ್ಟಿಗೆ ಎಳೆದು, "ನೋಡಮ್ಮ, ಇದು ಪೇಜರ್ರು. ಇದು ಹೊತ್ತೊತ್ತಿಗೆ ಊಟ ಕೇಳ್ತಿದ್ದ ಆಟದ ಕೋಳಿಮರಿ. ಇದು ಬೆರಳ ಮೇಲೆ ತಿರುಗ್ತಿದ್ದ ಚಕ್ರ. ಬಂದಾಗ ಎಲ್ಲಾವೂ ಮಹಾರಾಜರೇ, ಮೂರು ತಿಂಗಳಿಗೆ ಗುಜರಿ. ನಿನ್ನ ವಾಚಿಗೂ ಇಲ್ಲಿ ಜಾಗ ಇಟ್ಟಿದೀನಿ" ಅಂದಿದ್ದ.

"ಮೊಬೈಲ್ ಬಂದಾಗ ಕೈಗಡಿಯಾರದ ಕಥೆ ಮುಗೀತು ಅಂತ ಎಲ್ರೂ ಹೇಳ್ತಿದ್ರಲ್ಲ ಮಾವ, ನಿಮ್ಮ ಅಂಗಡಿ ಇನ್ನೂ ಇದೆಯಲ್ಲ?"

"ಅದು ಬೇರೆ!" ಅಂದಿದ್ದ ಮಾವ. ತನ್ನ ಸರಕಿನ ಮಾತು ಬಂದರೆ ಯಾವ ಅಂಗಡಿಯವನಿಗೂ ಅದು ಬೇರೆಯೇ.

ಈಗ ಮೂರು ಸಲ ಫೋನ್ ಮಾಡಿದಳು. ಬಡಿದು ಬಡಿದು ನಿಂತಿತು. ಗಂಡ ಲಾರಿ ಹತ್ತಿ ಎಲ್ಲೋ ದೂರದಲ್ಲಿದ್ದ. ಅವಳು ಓಡಿದಳು. ಮೇಸ್ತ್ರಿ ಕೂಗಿದ್ದು ಕಿವಿಗೆ ಬೀಳಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿನ ದಾರಕ್ಕೆ ಸಿಕ್ಕಿಕೊಂಡ ಬಿಳಿ ಹಾಸಿಗೆ ಬಟ್ಟೆಯೊಂದು ಅರ್ಧ ಬೀದಿ ಗುಡಿಸುತ್ತ ಹಿಂದೆಯೇ ಬಂತು. ಅವಳು ಹಾದ ಗಾಳಿಗೆ ಮೂಲೆ ಅಂಗಡಿಯ ಬೆಕ್ಕಿಗೆ ನೆಗಡಿ ಹಿಡಿಯಿತಂತೆ! ದಾರಿಯುದ್ದಕ್ಕೂ ಕಣ್ಣ ಮುಂದೆ ಆ ಗೋದಾಮಿನ ಕುರ್ಚಿಯೇ. ರಸ್ತೆ ದಾಟುವಾಗ ಕೈಯಲ್ಲಿದ್ದ ಫೋನು ಟಿಣ್ ಅಂದು, ಪರದೆಯ ಮೇಲೆ ಬಣ್ಣದ ಚೂರುಗಳನ್ನು ಚೆಲ್ಲಿತು. 'ಅಭಿನಂದನೆಗಳು! ಹತ್ತು ಸಾವಿರ ಹೆಜ್ಜೆ!'

ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಒಳಗೆ ನೂರು ಗಡಿಯಾರಗಳ ಟಿಕ್‌ಟಿಕ್.

"ಮಾವಾ?"

ಬಗ್ಗಿ ಒಳಗೆ ಹೋದಳು. ಮೇಜಿನ ಮೇಲೆ ಒಂದು ಚಕ್ರ ಮೆಲ್ಲಗೆ ತಿರುಗುತ್ತಿತ್ತು. ಕೈ ಆಡಿದರೆ ತಾನೇ ಕೀ ಕೊಟ್ಟುಕೊಳ್ಳುವ ಗಡಿಯಾರಗಳನ್ನು ರಿಪೇರಿಯಾದ ಮೇಲೆ ಅದಕ್ಕೆ ಕಟ್ಟಿ ಒಂದು ದಿನ ಪರೀಕ್ಷೆ ಮಾಡುವುದು ಮಾವನ ಪದ್ಧತಿ. ಅವುಗಳ ನಡುವೆ ಅವಳು ಕೊಟ್ಟ ವಾಚೂ ಗಿರಕಿ ಹೊಡೆಯುತ್ತ ಹೆಜ್ಜೆ ಎಣಿಸುತ್ತಿತ್ತು!

ನಗು ಗಂಟಲವರೆಗೆ ಬಂದು ಅಲ್ಲೇ ಸತ್ತಿತು. ನೆಲದ ಮೇಲೆ ಆಳುದ್ದದ ಮರದ ಪೆಟ್ಟಿಗೆ ಮಲಗಿತ್ತು. ಅದರ ಬಾಯಿಂದ ಎರಡು ಬರಿಗಾಲು ಹೊರಚಾಚಿದ್ದವು. ಅಲ್ಲಾಡುತ್ತಿರಲಿಲ್ಲ.

ಮುಟ್ಟಲು ಭಯ, ಮುಟ್ಟದಿರಲು ಅದಕ್ಕಿಂತ ಭಯ. ಕಣ್ಣುಮುಚ್ಚಿ ಅಂಗಾಲಿಗೆ ಬೆರಳು ತಾಗಿಸಿದಳು. ತಣ್ಣಗಿತ್ತು. ಅವಳು ಕಿರುಚಿದ ಸದ್ದಿಗೆ ಕೆಟ್ಟು ಕೂತಿದ್ದ ಮೂರು ಗಡಿಯಾರ ಓಡತೊಡಗಿದವಂತೆ, ಹೇಳುವವರ ಮಾತು.

ಕಾಲು ಝಾಡಿಸಿ ಒದೆಯಿತು. "ಯಾವನೋ ಅದು, ಕಚಗುಳಿ ಇಡ್ತಿರೋನು!"

ಪೆಟ್ಟಿಗೆಯಲ್ಲ, ರಿಪೇರಿಗೆ ಮಲಗಿಸಿದ್ದ ನಿಲುವು ಗಡಿಯಾರ ಅದು; ಅದರ ಹೊಟ್ಟೆಯೊಳಗಿಂದ ಮಾವ ತಲೆತುಂಬ ಧೂಳು ಹೊತ್ತು ತೆವಳಿ ಬಂದ. ಸೊಸೆ ನೆಲಕ್ಕೆ ಕುಸಿದು ಅಳುತ್ತಿದ್ದಳು.

"ಫೋನ್ ಯಾಕೆ ಎತ್ಲಿಲ್ಲ?"

"ಡ್ರಾಯರ್‌ನಲ್ಲಿದೆ ಕಣಮ್ಮ, ಸದ್ದು ಬರದ ಹಾಗೆ ಇಟ್ಟಿದೀನಿ. ಗಡಿಯಾರದ ಹಲ್ಲಿನ ಸದ್ದು ಕೇಳ್ಬೇಕಲ್ಲ?"

"ಆ ವಾಚು?"

ಮಾವ ತಲೆ ಕೆರೆದುಕೊಂಡ. "ಗಂಟೆಗೊಂದ್ಸಲ 'ಏಳು, ನಡಿ' ಅಂತ ಕೈ ಮೇಲೆ ಗುಂಯ್‌ಗುಡ್ತಿತ್ತು. ಅದಕ್ಕೇ... ಅದೇ ನಡೀಲಿ ಅಂತ."

"ನಮ್ಮಪ್ಪನ ಥರಾನೇ ಆಯ್ತು ಅನ್ಕೊಂಡೆ ಮಾವ."

ಮಾವ ಚಕ್ರದಿಂದ ವಾಚನ್ನು ಬಿಚ್ಚಿ, ತಾನಾಗಿಯೇ ಕೈಗೆ ಕಟ್ಟಿಕೊಂಡ. ಇಬ್ಬರೂ ಉಸಿರು ಹಿಡಿದು ನೋಡಿದರು. ಪರದೆ ಖಾಲಿಯಾಗಿತ್ತು. ಇನ್ನೂ ಖಾಲಿ. ಎಪ್ಪತ್ನಾಲ್ಕು ಅಂತ ಬಂದಾಗ ಉಸಿರು ಬಿಟ್ಟರು.

"ಮೋಜಿಗೆ ಕೊಂಡದ್ದು ಮೂರು ತಿಂಗಳು ಕಣಮ್ಮ," ಅಂದ ಮಾವ. "ಹೆದ್ರಿಕೆಗೆ ಕೊಂಡದ್ದು ಅಷ್ಟು ಸುಲಭಕ್ಕೆ ಗುಜರಿ ಸೇರಲ್ಲ." ಮತ್ತೆ ಕೈ ನೋಡಿಕೊಂಡ. ಮುಖ ಬಿಳಿಚಿತು. "ಎಂಬತ್ತೊಂದು! ಯಾಕೇ ಏರ್ತಿದೆ?"

"ಹೆದರ್ಕೊಂಡ್ರೆ ಏರುತ್ತೆ ಮಾವ."

"ಏರ್ತಿದ್ರೆ ಹೆದರ್ಕೊಳ್ದೆ ಇರೋದು ಹೇಗೆ? ಎಂಬತ್ತೊಂಬತ್ತು! ಫೋನಲ್ಲಿ ನೀನೂ ನೋಡು, ನೀನೂ ನೋಡ್ತಿರು!"